ನಾತಾಳದ ಕರ್ಜಿಕಾಯಿ ಮತ್ತು ಅದರ ಹೂರಣದೊಳಗಿನ ನೆನಪುಗಳು

ಆಗಮನ ಕಾಲದ ಮೂರನೆಯ ಭಾನುವಾರ ಕಳೆಯಿತೆಂದರೆ ನಮ್ಮ ಭಾಗದ ಕಥೋಲಿಕ ಮನೆಗಳಲ್ಲಿ ಸಂಭ್ರಮದ ಅವಸರವೊಂದು ಕಾಣಿಸಿಕೊಳ್ಳುತ್ತದೆ. ಗೋದಲಿಗೆ ಹುಲ್ಲು, ಮಣ್ಣು, ಬಿದಿರಿನ ಕಡ್ಡಿಗಳನ್ನು ಹೊಂದಿಸುವ ಕೆಲಸ ಮಕ್ಕಳ ಪಾಲಿಗೆ ಬಂದರೆ, ಮನೆಯ ಹೆಂಗಸರ ಲಕ್ಷ್ಯವೆಲ್ಲ ಒಣಕೊಬ್ಬರಿ, ಗಸಗಸೆ, ಏಲಕ್ಕಿ, ಚಿರೋಟಿ ರವೆಗಳ ಮೇಲೆ ನೆಡುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ಕಡೆ ನಮ್ಮವರ ಮನೆಗಳು ಹೆಚ್ಚಿಲ್ಲ. ಒಂದು ಓಣಿಯಲ್ಲಿ ಒಂದು, ಮತ್ತೊಂದು ಓಣಿಯಲ್ಲಿ ಎರಡು ಎಂಬಂತೆ ಹರಡಿಕೊಂಡಿವೆ. ಆದುದರಿಂದ ಡಿಸೆಂಬರ್ ತಿಂಗಳ ಒಂದು ಸಂಜೆ ಯಾವುದಾದರೂ ಮನೆಯಿಂದ ಎಣ್ಣೆ ಕಾದ ವಾಸನೆ, ಅದರ ಬೆನ್ನಿಗೇ ಏಲಕ್ಕಿಯ ಪರಿಮಳ ಹೊರಬಂದಿತೆಂದರೆ, ನಾತಾಳ ಹತ್ತಿರ ಬಂದಿತೆಂದು ಇಡೀ ಓಣಿಗೆ ತಿಳಿಯುತ್ತದೆ. ನಾತಾಳವೆಂದರೆ ಕ್ರಿಸ್ತಜಯಂತಿಗೆ ನಮ್ಮ ಹಿರಿಯರು ಹೇಳುತ್ತಿದ್ದ ಹೆಸರು. ನಿಪ್ಪಾಣಿಯ ಕಡೆ ಇಂದಿಗೂ ಅದೇ ಹೆಸರು ನಡೆಯುತ್ತದೆ.

ಇಂಗ್ಲೆಂಡಿನ ಮನೆಗಳಲ್ಲಿ ಈ ಹಬ್ಬಕ್ಕೆ ಮಿನ್ಸ್ ಪೈ ಎಂಬ ತಿನಿಸನ್ನು ಮಾಡುವರು. ಹಿಂದಿನ ಕಾಲದಲ್ಲಿ ಅದರೊಳಗೆ ಕೊಚ್ಚಿದ ಮಾಂಸವನ್ನು ಒಣದ್ರಾಕ್ಷಿ ಮತ್ತು ಮಸಾಲೆಗಳೊಡನೆ ತುಂಬುತ್ತಿದ್ದರು. ಕಾಲಕ್ರಮದಲ್ಲಿ ಮಾಂಸ ಬಿಟ್ಟುಹೋಗಿ ಹೆಸರು ಮಾತ್ರ ಉಳಿದುಕೊಂಡಿತು. ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ಫ್ರೆಂಚ್ ಮನೆತನದ ಕಥೋಲಿಕರು ನಡುರಾತ್ರಿಯ ಬಲಿಪೂಜೆ ಮುಗಿಸಿ ಮನೆಗೆ ಬಂದು ತೂರ್ತಿಯೇರ್ ಎಂಬ ಮಾಂಸದ ಪೈ ತಿನ್ನುವ ವಾಡಿಕೆ ಬಹಳ ಹಳೆಯದು. ಹಿಟ್ಟಿನ ಹೊದಿಕೆಯೊಳಗೆ ಹೂರಣವನ್ನಿಟ್ಟು ಬಾಯಿ ಮುಚ್ಚುವ ಈ ಉಪಾಯ ಲೋಕದ ಎಲ್ಲ ಕಡೆಯೂ ಇರುವಂಥದೇ. ಅವರಲ್ಲಿ ಸುತ್ತಲೂ ಶಾಖ ಕೊಡುವ ಒಲೆಗಳಿದ್ದವು, ಆದುದರಿಂದ ಅವರ ಪೈ ಸುಟ್ಟು ಬೇಯಿತು. ನಮ್ಮಲ್ಲಿ ಕಟ್ಟಿಗೆಯ ಒಲೆ ಮತ್ತು ಕಬ್ಬಿಣದ ಕಡಾಯಿ, ಆದುದರಿಂದ ನಮ್ಮದು ಎಣ್ಣೆಯಲ್ಲಿ ಕರಿದು ಬಂದಿತು. ಅದೇ ನಮ್ಮ ಕರ್ಜಿಕಾಯಿ.

ಹೆಸರಿನ ವಿಷಯದಲ್ಲಿ ನಮ್ಮ ಭಾಗ ಶ್ರೀಮಂತವಾಗಿದೆ. ಅಥಣಿ, ರಾಯಬಾಗಗಳ ಕನ್ನಡದ ಮನೆಗಳಲ್ಲಿ ಕರ್ಜಿಕಾಯಿ ಎನ್ನುವುದನ್ನು ನಿಪ್ಪಾಣಿಯ ಮರಾಠಿ ಮನೆಗಳಲ್ಲಿ ಕರಂಜಿ ಎನ್ನುವರು. ಗೋವೆಯಿಂದ ಬಂದು ಇಲ್ಲಿ ನೆಲೆನಿಂತ ಕೊಂಕಣಿ ಕುಟುಂಬಗಳವರಿಗೆ ಅದು ನೆವ್ರಿ. ಆಂಧ್ರದವರು ಕಜ್ಜಿಕಾಯ ಎಂದು, ತಮಿಳರು ಸೋಮಾಸಿ ಎಂದು ಕರೆಯುವರು. ಉತ್ತರ ಹಿಂದುಸ್ತಾನದಲ್ಲಿ ಹೋಳಿ ಹುಣ್ಣಿಮೆಗೆ ಮಾಡುವ ಗುಜಿಯಾ ಕೂಡ ಇದರ ಹತ್ತಿರದ ಸಂಬಂಧಿಯೇ. ನಮ್ಮ ಮನೆಯೊಂದರಲ್ಲಿಯೇ ಮೂರು ಹೆಸರುಗಳು ನಡೆಯುತ್ತಿದ್ದವು. ಅಜ್ಜ ನೆವ್ರಿ ಎಂದು ಕೇಳಿದರೆ ಅಜ್ಜಿ ಕರ್ಜಿಕಾಯಿ ಎಂದು ಕೊಡುತ್ತಿದ್ದಳು. ನಿಪ್ಪಾಣಿಗೆ ಮದುವೆಯಾಗಿ ಹೋಗಿದ್ದ ಅತ್ತೆ ಕರಂಜಿ ಎಂದು ಎತ್ತಿಕೊಂಡು ತಿನ್ನುತ್ತಿದ್ದಳು. ಈ ಮೂರು ಹೆಸರುಗಳ ಹಿಂದೆ ಮೂರು ಬೇರೆ ಬೇರೆ ಕಥೆಗಳಿವೆ.

ಕಥೆಗೆ ಮೊದಲು ಮಾಡುವ ಬಗೆಯನ್ನು ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಹೊಸದಾಗಿ ಸಂಸಾರ ಹೂಡಿದ ಹೆಣ್ಣುಮಕ್ಕಳು ಕೇಳುವುದು ಅದನ್ನೇ. ಅರ್ಧ ಕಿಲೊ ಮೈದಾಹಿಟ್ಟಿಗೆ ಒಂದು ಹಿಡಿ ಚಿರೋಟಿ ರವೆ, ಚಿಟಿಕೆ ಉಪ್ಪು, ನಾಲ್ಕು ಚಮಚ ಚೆನ್ನಾಗಿ ಕಾಯಿಸಿದ ತುಪ್ಪ ಹಾಕಿ, ಹಿಟ್ಟನ್ನು ಅಂಗೈಯಲ್ಲಿ ಹಿಡಿದರೆ ಉಂಡೆಯಾಗುವಂತೆ ತಿಕ್ಕಬೇಕು. ಅನಂತರ ತಣ್ಣನೆಯ ಹಾಲು ಅಥವಾ ನೀರು ಚಿಮುಕಿಸುತ್ತ ಗಟ್ಟಿಯಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಎರಡು ತಾಸು ಬಿಡಬೇಕು. ಹೂರಣಕ್ಕೆ ಕಾಲು ಕಿಲೊ ಒಣಕೊಬ್ಬರಿಯ ತುರಿ, ಅಷ್ಟೇ ತೂಕದ ಪುಡಿಸಕ್ಕರೆ, ನೂರು ಗ್ರಾಮ್ ಪುಠಾಣಿಯ ಹಿಟ್ಟು, ಐವತ್ತು ಗ್ರಾಮ್ ಹುರಿದ ಗಸಗಸೆ, ಎಂಟು ಹತ್ತು ಏಲಕ್ಕಿ, ಮನಸ್ಸಿದ್ದರೆ ತುಸು ಜಾಜಿಕಾಯಿ. ಕೊಬ್ಬರಿಯನ್ನು ಬಣ್ಣ ತಿರುಗದ ಹಾಗೆ ಬೆಚ್ಚಗೆ ಹುರಿದುಕೊಳ್ಳಬೇಕು. ಬಿಸಿ ಇರುವಾಗಲೇ ಸಕ್ಕರೆ ಬೆರೆಸಿದರೆ ಹೂರಣ ಒದ್ದೆಯಾಗಿ ಕೆಡುತ್ತದೆ. ಪೂರಿಯಂತೆ ತೆಳ್ಳಗೆ ಲಟ್ಟಿಸಿ, ಒಂದು ಮಗ್ಗುಲಿಗೆ ಹೂರಣವಿಟ್ಟು, ಅಂಚಿಗೆ ಹಾಲು ಹಚ್ಚಿ ಮಡಚಿ ಒತ್ತಬೇಕು. ಈ ಪ್ರಮಾಣಕ್ಕೆ ಐವತ್ತರಿಂದ ಅರವತ್ತು ಕಾಯಿ ಬರುತ್ತವೆ.

ಇಷ್ಟು ಹೇಳಿದರೂ ನಿಜವಾದ ವಿದ್ಯೆ ಇನ್ನೂ ಹೇಳಿದಂತಾಗಲಿಲ್ಲ. ಅದಿರುವುದು ಅಂಚಿನಲ್ಲಿ. ಅಂಚಿಗೆ ಹಲ್ಲು ಮೂಡಿಸುವ ಪುಟ್ಟ ಗಾಲಿಯನ್ನು ಓಡಿಸಿ ಕತ್ತರಿಸುವವರು ಕೆಲವರು, ಹಿತ್ತಾಳೆಯ ಸಾಚಾದಲ್ಲಿಟ್ಟು ಒತ್ತುವವರು ಕೆಲವರು. ಹಳಬರು ಇವೆರಡನ್ನೂ ಒಪ್ಪುತ್ತಿರಲಿಲ್ಲ. ಹೆಬ್ಬೆರಳು ಮತ್ತು ತೋರುಬೆರಳಿನಿಂದ ಅಂಚನ್ನು ಚಿವುಟಿ, ಒಂದರ ಮೇಲೊಂದು ಮಡಚಿ, ಜಡೆ ಹೆಣೆದಂತೆ ಮುರಿಗೆ ಹಾಕುತ್ತಿದ್ದರು. ಇದು ಬರಿಯ ಅಂದಕ್ಕಲ್ಲ. ಅಂಚು ಸಡಿಲವಾದರೆ ಕಡಾಯಿಯಲ್ಲಿ ಕಾಯಿ ಬಾಯಿ ಬಿಡುತ್ತದೆ. ಹೂರಣ ಎಣ್ಣೆಗೆ ಬಿದ್ದು ಸಕ್ಕರೆ ಕರಿಕಾಗುತ್ತದೆ. ಆ ಎಣ್ಣೆಯಲ್ಲಿ ಮುಂದೆ ಕರಿದ ಪ್ರತಿಯೊಂದಕ್ಕೂ ಕರಿಚುಕ್ಕೆ ಹತ್ತುತ್ತದೆ. ಎಣ್ಣೆ ದುಬಾರಿಯಾಗಿದ್ದ ಮನೆಗಳಲ್ಲಿ ಒಂದು ಕರ್ಜಿಕಾಯಿ ಒಡೆಯುವುದೆಂದರೆ ಸಣ್ಣ ಸಂಗತಿಯಾಗಿರಲಿಲ್ಲ. ಆದುದರಿಂದಲೇ ಮುರಿಗೆ ಹಾಕಲು ಮನೆಯ ಎಲ್ಲ ಹೆಂಗಸರಿಗೂ ಅನುಮತಿ ಸಿಗುತ್ತಿರಲಿಲ್ಲ. ಲಟ್ಟಿಸುವುದರಿಂದ ಆರಂಭಿಸಿ, ನಾಲ್ಕಾರು ವರ್ಷ ಹೂರಣ ತುಂಬಿ, ಆಮೇಲೆ ಅಂಚಿಗೆ ಬಡ್ತಿ ಪಡೆಯಬೇಕಾಗಿತ್ತು. ಉಳಿದ ಹಿಟ್ಟಿನ ತುಣುಕುಗಳಿಗೆ ಸಕ್ಕರೆ ಸೇರಿಸಿ ನಾದಿ ಶಂಕರಪಾಳಿ ಕತ್ತರಿಸುವುದು ಮಕ್ಕಳ ಕೆಲಸ. ನಕ್ಷತ್ರದ ಆಕಾರಕ್ಕೆ ಕತ್ತರಿಸಲು ಹೋಗಿ ಬರಿಯ ತ್ರಿಕೋನಗಳನ್ನು ಮಾಡಿಟ್ಟು ಬೈಸಿಕೊಳ್ಳದ ಮಕ್ಕಳಾರು?

ಈ ಹೂರಣದಲ್ಲಿರುವ ಸಾಮಗ್ರಿಗಳನ್ನು ನೋಡಿದರೆ ನಮ್ಮ ಸೀಮೆಯ ಬಾಳುವೆಯೇ ಕಾಣಿಸುತ್ತದೆ. ಕೊಬ್ಬರಿ ತಿಪಟೂರಿನ ಕಡೆಯಿಂದ ಬರುವಂಥದು. ಗಸಗಸೆಯಂತೂ ಸರ್ಕಾರದ ಪರವಾನಗಿಯಿಂದ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಮಾತ್ರ ಬೆಳೆಯುವ ಅಫೀಮಿನ ಗಿಡದ ಬೀಜ; ಅದರ ಬೆಲೆ ಕೇಳಿ ಅರ್ಧಕ್ಕೆ ಇಳಿಸಿಕೊಳ್ಳದ ಗೃಹಿಣಿಯಿಲ್ಲ. ಸಕ್ಕರೆ ಮಾತ್ರ ನಮ್ಮದೇ. 1939ರಲ್ಲಿ ಉಗಾರ ಖುರ್ದದಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದಂದಿನಿಂದ ಕೃಷ್ಣೆ, ದೂಧಗಂಗೆ, ವೇದಗಂಗೆಗಳ ದಂಡೆಯ ಹೊಲಗಳು ಒಂದೊಂದಾಗಿ ಕಬ್ಬಿಗೆ ತಿರುಗಿದವು. ಕಬ್ಬು ನುರಿಸುವ ಹಂಗಾಮು ದೀಪಾವಳಿಯ ಸುಮಾರಿಗೆ ಆರಂಭವಾಗಿ ಬೇಸಿಗೆಯವರೆಗೆ ನಡೆಯುವುದರಿಂದ, ನಾತಾಳ ಯಾವಾಗಲೂ ಹಂಗಾಮಿನ ನಟ್ಟನಡುವೆ ಬರುತ್ತದೆ. ಆದರೂ ಒಂದು ವಿಚಿತ್ರವುಂಟು. ಹಗಲೂ ರಾತ್ರಿ ಸಕ್ಕರೆ ಚೀಲಗಳು ಹೊರಬೀಳುತ್ತಿದ್ದ ಊರಿನಲ್ಲಿಯೇ ಮನೆಯ ಸಕ್ಕರೆಯನ್ನು ಪಡಿತರ ಚೀಟಿ ಹಿಡಿದು ಸಾಲಿನಲ್ಲಿ ನಿಂತು ತರಬೇಕಾಗಿತ್ತು. ಕಾರ್ಖಾನೆಗಳಿಂದ ಸರ್ಕಾರ ಅಗ್ಗದ ದರಕ್ಕೆ ಪಡೆದು ಪಡಿತರದಲ್ಲಿ ಹಂಚುತ್ತಿದ್ದ ಆ ಲೆವಿ ಪದ್ಧತಿ 2013ರಲ್ಲಿ ಕೊನೆಗೊಂಡಿತು. ಅಕ್ಟೋಬರ್, ನವೆಂಬರ್ ತಿಂಗಳ ಸಕ್ಕರೆಯಲ್ಲಿ ದಿನಕ್ಕೊಂದು ಚಮಚ ಉಳಿಸಿ, ಚಹಾಕ್ಕೆ ಬೆಲ್ಲ ಹಾಕಿ ಕುಡಿದು, ಡಿಸೆಂಬರಿನ ಹೂರಣಕ್ಕೆ ಕೂಡಿಡುತ್ತಿದ್ದ ತಾಯಂದಿರನ್ನು ನಮ್ಮ ಓದುಗರಲ್ಲಿ ಅನೇಕರು ಕಂಡಿರಬೇಕು. ಬೆಲ್ಲದ ಹೂರಣ ಮಾಡಬಹುದಿತ್ತಲ್ಲ ಎಂದರೆ, ಬೆಲ್ಲ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಆ ಕಾಯಿ ನಾಲ್ಕು ದಿನಕ್ಕೆ ಮೆತ್ತಗಾಗುತ್ತದೆ. ಮೂರು ರಾಜರ ಹಬ್ಬದವರೆಗೆ ಡಬ್ಬಿಯಲ್ಲಿ ಗರಿಗರಿಯಾಗಿ ಉಳಿಯಬೇಕಾದರೆ ಸಕ್ಕರೆಯೇ ಬೇಕು.

ಇನ್ನು ಅಜ್ಜನ ವಿಷಯ. ಗೋವೆಯ ಬಾರ್ದೇಸಿನಲ್ಲಿ ಹುಟ್ಟಿದ ಅವರು ಸ್ವಾತಂತ್ರ್ಯಕ್ಕೆ ಮೊದಲೇ ಇತ್ತ ಕಡೆ ಬಂದು ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಸೇರಿದರು; ಅಥಣಿಯ ಕಡೆಯ ಹೆಣ್ಣನ್ನು ಮದುವೆಯಾದರು. ಪ್ರತಿ ವರ್ಷ ನಾತಾಳದ ಹೊತ್ತಿಗೆ ಅವರ ತಾಯಿ ಗೋವೆಯಿಂದ ಯಾರಾದರೂ ಬರುವವರ ಕೈಯಲ್ಲಿ ಒಂದು ಡಬ್ಬಿ ನೆವ್ರಿ ಕಳುಹಿಸುತ್ತಿದ್ದರು. ಆ ಡಬ್ಬಿ ಬರುವಷ್ಟು ಕಾಲ ನಮ್ಮ ಅಜ್ಜಿಗೆ ಕರ್ಜಿಕಾಯಿ ಮಾಡಲು ಬರುತ್ತಿರಲಿಲ್ಲ, ಕಲಿಯುವ ಅಗತ್ಯವೂ ಬಿದ್ದಿರಲಿಲ್ಲ. ಅವಳಿಗೆ ಬರುತ್ತಿದ್ದುದು ಶೇಂಗಾ ಹೋಳಿಗೆ. ಅದೂ ಹೂರಣದ ತಿನಿಸೇ ಆದರೂ ಅಜ್ಜನಿಗೆ ಅದು ಹಬ್ಬದ್ದೆನಿಸುತ್ತಿರಲಿಲ್ಲ.

1955ರಲ್ಲಿ ಗೋವಾ ವಿಮೋಚನೆಯ ಚಳವಳಿ ಕಾವೇರಿದಾಗ ಭಾರತ ಸರ್ಕಾರ ಪೋರ್ಚುಗೀಸರ ಆಡಳಿತದಲ್ಲಿದ್ದ ಆ ಪ್ರದೇಶದ ಗಡಿಯನ್ನು ಮುಚ್ಚಿ ಆರ್ಥಿಕ ದಿಗ್ಬಂಧನ ವಿಧಿಸಿತು. ರೈಲು ನಿಂತಿತು. ಹೋಗಿಬರುವುದಕ್ಕೆ ಪರವಾನಗಿ ಬೇಕಾಯಿತು. ಕಾರ್ಖಾನೆಯ ಸಾಮಾನ್ಯ ಕೆಲಸಗಾರನಿಗೆ ಅದು ನಿಲುಕುವ ಮಾತಾಗಿರಲಿಲ್ಲ. ನೆವ್ರಿಯ ಡಬ್ಬಿಯೂ ನಿಂತಿತು. 1957ರ ಮಳೆಗಾಲದಲ್ಲಿ ಅಜ್ಜನ ತಾಯಿ ತೀರಿಕೊಂಡರು. ಮುಂಬಯಿಯಲ್ಲಿದ್ದ ಸಂಬಂಧಿಕರ ಮೂಲಕ ಕಾಗದ ಬಂದು ತಲುಪುವಷ್ಟರಲ್ಲಿ ಮಣ್ಣಾಗಿ ತಿಂಗಳ ಮೇಲಾಗಿತ್ತು. ಅಜ್ಜ ಆ ದಿನವೂ ಕೆಲಸಕ್ಕೆ ಹೋಗಿಬಂದರೆಂದು, ಬಂದವರು ಊಟ ಮಾಡದೆ ಕಾಗದವನ್ನು ಪ್ರಾರ್ಥನಾ ಪುಸ್ತಕದೊಳಗಿಟ್ಟು ಮಲಗಿದರೆಂದು ಅಜ್ಜಿ ಹೇಳುತ್ತಿದ್ದಳು.

ಸೂತಕದ ಮನೆಯಲ್ಲಿ ಆ ವರ್ಷ ಹಬ್ಬಕ್ಕೆ ಕಡಾಯಿ ಇಡುವುದಿಲ್ಲ. ಇದು ಗೋವೆಯ ಕಥೋಲಿಕರಲ್ಲಿಯೂ ಉಂಟು, ನಮ್ಮ ನೆರೆಯ ಹಿಂದೂ ಬಾಂಧವರಲ್ಲಿಯೂ ಉಂಟು. ಅದರಂತೆ ಆ ಡಿಸೆಂಬರಿನಲ್ಲಿ ಅಜ್ಜಿ ಏನನ್ನೂ ಮಾಡಲಿಲ್ಲ. ಹಬ್ಬದ ಹಿಂದಿನ ಸಂಜೆ ಪಕ್ಕದ ಮನೆಯ ಲಿಂಗಾಯತ ಹೆಣ್ಣುಮಗಳು ಸೆರಗಿನೊಳಗೆ ಒಂದು ಡಬ್ಬಿ ಮುಚ್ಚಿಕೊಂಡು ಬಂದಳು. “ತಂಗಿ, ದುಃಖದ ಮನ್ಯಾಗ ಎಣ್ಣಿ ಕಾಸಬಾರ್ದು, ಖರೆ. ನಮ್ಮ ಮನ್ಯಾಗ ಕಾಸೇವಿ. ಅಣ್ಣಾರಿಗೆ ಕೊಡು” ಎಂದಳು. ಒಳಗೆ ಕರ್ಜಿಕಾಯಿ ಇದ್ದವು. ಅವರ ಹಬ್ಬವಾದ ದೀಪಾವಳಿ ಕಳೆದು ಎರಡು ತಿಂಗಳಾಗಿತ್ತು. ಈ ಕಾಯಿಗಳು ಅಂದೇ ಕರಿದವು. ನಡುರಾತ್ರಿಯ ಬಲಿಪೂಜೆಯ ಹೊತ್ತಿಗೆ ಎರಡನೆಯ ಪಾಳಿಯ ಭೋಂಗಾ ಆಗಿ, ಮೈಗೆ ಕಾಕಂಬಿಯ ವಾಸನೆ ಹತ್ತಿಸಿಕೊಂಡೇ ಪೂಜೆಗೆ ನಿಂತು, ಮನೆಗೆ ಬಂದ ಅಜ್ಜ ಆ ಡಬ್ಬಿ ತೆರೆದು ನೋಡಿದರು. ಒಂದನ್ನು ಮುರಿದು ಅರ್ಧವನ್ನು ಅಜ್ಜಿಗೆ ಕೊಟ್ಟರಂತೆ. ತಾಯಿ ಸತ್ತ ಸುದ್ದಿ ಬಂದ ಮೇಲೆ ಅವರು ಕಣ್ಣೀರು ಹಾಕಿದ್ದನ್ನು ಅಜ್ಜಿ ಕಂಡದ್ದು ಆಗಲೇ.

ಮರುವರ್ಷ ಅಜ್ಜಿ ಆ ಹೆಣ್ಣುಮಗಳ ಅಡುಗೆಮನೆಯಲ್ಲಿ ಕುಳಿತು ಮುರಿಗೆ ಹಾಕುವುದನ್ನು ಕಲಿತಳು. 1961ರ ಡಿಸೆಂಬರ್ 19ರಂದು ಗೋವಾ ಭಾರತಕ್ಕೆ ಸೇರಿತು, ನಾತಾಳಕ್ಕೆ ಇನ್ನು ಆರೇ ದಿನಗಳಿದ್ದಾಗ. ಅಜ್ಜನಿಗೆ ರಜೆ ದೊರೆತದ್ದು ಹಂಗಾಮು ಮುಗಿದ ಮೇಲೆ, 1962ರ ಬೇಸಿಗೆಯಲ್ಲಿ. ಹೋಗುವಾಗ ಅಜ್ಜಿ ಮಾಡಿಕೊಟ್ಟ ಒಂದು ಡಾಲ್ಡಾ ಡಬ್ಬಿ ಕರ್ಜಿಕಾಯಿ ಒಯ್ದರು. ಅವರ ಅಕ್ಕ ಒಂದನ್ನು ಕಚ್ಚಿ ನೋಡಿ, “ಇದು ನಮ್ಮ ನೆವ್ರಿ ಅಲ್ಲ, ಇದರಲ್ಲಿ ಪುಠಾಣಿ ಹಿಟ್ಟಿದೆ” ಎಂದಳಂತೆ. ಅಜ್ಜ, “ನಮ್ಮ ಮನೆಯದು ಹೀಗೆಯೇ” ಎಂದು ಉತ್ತರಿಸಿದರಂತೆ. ಈ ಮಾತನ್ನು ಹೇಳುವಾಗ ಅಜ್ಜಿಯ ಮುಖದಲ್ಲಿ ಕಾಣುತ್ತಿದ್ದ ಗರ್ವವನ್ನು ಬಣ್ಣಿಸಲು ಬಾರದು.

ನಿಪ್ಪಾಣಿಯ ಅತ್ತೆಯ ಕೈಯ ಮುರಿಗೆಯಾದರೋ ನಮ್ಮ ಬಳಗದಲ್ಲೆಲ್ಲ ಹೆಸರಾದುದು. ತಂಬಾಕಿನ ಪೇಟೆಯಾದ ನಿಪ್ಪಾಣಿಯಲ್ಲಿ ಬೀಡಿ ಕಟ್ಟಿ ಸಂಸಾರ ತೂಗಿಸಿದ ಸಾವಿರಾರು ಹೆಂಗಸರಲ್ಲಿ ಅವಳೂ ಒಬ್ಬಳು. ಎಲೆಯನ್ನು ಅಳತೆಗೆ ಕತ್ತರಿಸಿ, ತಂಬಾಕು ಹರಡಿ, ಸುರುಳಿ ಸುತ್ತಿ, ತುದಿಯನ್ನು ಬೆರಳಿನಿಂದ ಮಡಚಿ ಮುಚ್ಚಿ, ದಾರ ಕಟ್ಟುವುದು ಆ ಕೆಲಸ. ಸಾವಿರಕ್ಕೆ ಇಷ್ಟೆಂದು ಕೂಲಿ. ಮಡಿಕೆ ಸಡಿಲಾದ ಬೀಡಿಗಳನ್ನು ಎಣಿಕೆಯಿಂದ ತೆಗೆದುಹಾಕುವರು, ಅವುಗಳ ಕೂಲಿ ಹೋಯಿತು. ಆ ಬೆರಳುಗಳಿಗೆ ಕರಂಜಿಯ ಅಂಚು ಯಾವ ಲೆಕ್ಕ? ನಾವು ಒಂದಕ್ಕೆ ಮುರಿಗೆ ಹಾಕುವಷ್ಟರಲ್ಲಿ ಅವಳು ನಾಲ್ಕು ಮುಗಿಸಿರುತ್ತಿದ್ದಳು. ನಾಲ್ಕೂ ಒಂದೇ ಅಚ್ಚಿನಂತಿರುತ್ತಿದ್ದವು. ಹಿಟ್ಟು ಮುಟ್ಟುವ ಮೊದಲು ಹುಣಸೆಹಣ್ಣು ಹಚ್ಚಿ ಎರಡೆರಡು ಸಲ ಕೈ ತೊಳೆಯುತ್ತಿದ್ದಳು. ಆದರೂ ಮಕ್ಕಳು ಮೂಗು ಮುರಿದು ತಂಬಾಕು ನಾರುತ್ತದೆ ಎನ್ನುತ್ತಿದ್ದರು. ಅವಳು ನಗುತ್ತಿದ್ದಳು. ಎಲೆಯ ಧೂಳು, ತಂಬಾಕಿನ ಧೂಳು ವರ್ಷಗಟ್ಟಲೆ ಉಸಿರಿಗೆ ಹೋಗಿ ಕೊನೆಕೊನೆಗೆ ಉಬ್ಬಸ ಹಿಡಿಯಿತು. ಎಣ್ಣೆಯ ಹೊಗೆ ತಾಳದೆ ಒಲೆಯ ಮುಂದೆ ಕೂಡಲು ಆಗುತ್ತಿರಲಿಲ್ಲ. ಅವಳ ಕೊನೆಯ ನಾತಾಳದಲ್ಲಿ ಪಡಸಾಲೆಯ ಬಾಗಿಲಲ್ಲಿ ಚಾಪೆ ಹಾಕಿಸಿಕೊಂಡು ಕುಳಿತು, ಲಟ್ಟಿಸಿ ತುಂಬಿದ್ದನ್ನೆಲ್ಲ ತನ್ನ ಕಡೆ ತರಿಸಿಕೊಂಡು, ಒಂದೊಂದಕ್ಕೂ ಮುರಿಗೆ ಹಾಕಿ ಕೊಟ್ಟಳು. ಆ ಸಲ ಕಡಾಯಿಯಲ್ಲಿ ಒಂದೂ ಬಾಯಿ ಬಿಡಲಿಲ್ಲ.

ಇಲ್ಲಿ ಹಳೆಯ ಕಟ್ಟಳೆಯೊಂದನ್ನು ನೆನೆಯಬೇಕು. ಕ್ರಿಸ್ಮಸ್ಸಿನ ಹಿಂದಿನ ದಿನ ಧರ್ಮಸಭೆಯ ನಿಯಮದಂತೆ ಉಪವಾಸದ ಮತ್ತು ಮಾಂಸವರ್ಜ್ಯದ ದಿನವಾಗಿತ್ತು. 1966ರಲ್ಲಿ ಪೋಪ್ ಆರನೆಯ ಪೌಲರು ಉಪವಾಸದ ನಿಯಮಗಳನ್ನು ಮಾರ್ಪಡಿಸಿದ ಮೇಲೆ ಅದು ಕಡ್ಡಾಯವಾಗಿ ಉಳಿಯಲಿಲ್ಲ. ಆದರೆ ಅಜ್ಜಿಯ ಅಡುಗೆಮನೆಯಲ್ಲಿ ಆ ಮಾರ್ಪಾಡು ಜಾರಿಗೆ ಬರಲೇ ಇಲ್ಲ. ಡಬ್ಬಿ ತುಂಬಿದ್ದರೂ ನಡುರಾತ್ರಿಯ ಪೂಜೆ ಮುಗಿದು ಗೋದಲಿಯಲ್ಲಿ ಬಾಲಯೇಸುವನ್ನು ಇಡುವವರೆಗೆ ಯಾರೂ ಮುಟ್ಟುವಂತಿರಲಿಲ್ಲ. ಒಡೆದ ಕಾಯಿಗಳಿಗೆ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲವೆಂದು ಮಕ್ಕಳು ವಾದಿಸುತ್ತಿದ್ದೆವು. ಹೀಗಾಗಿ ಡಿಸೆಂಬರ್ 24ರಂದು ಡಬ್ಬಿಯಲ್ಲಿ ಒಡೆದ ಕಾಯಿಗಳ ಸಂಖ್ಯೆ ಯಾರ ಗಮನಕ್ಕೂ ಬಾರದೆ ಹೆಚ್ಚುತ್ತಿತ್ತು.

ನಮ್ಮ ಹಬ್ಬದ ಆಸುಪಾಸಿನಲ್ಲಿಯೇ ನಮ್ಮ ನೆರೆಯ ರೈತರಿಗೆ ಎಳ್ಳಮಾವಾಸ್ಯೆ ಬರುತ್ತದೆ. ಅಂದು ಅವರು ಕಡಬು, ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪಲ್ಯಗಳನ್ನು ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಹೋಗಿ, ಭೂತಾಯಿಗೆ ಚರಗ ಚೆಲ್ಲಿ, ಅಲ್ಲಿಯೇ ಬಂಧುಬಳಗದೊಡನೆ ಉಣ್ಣುವರು. ಕೆಲವು ವರ್ಷ ಎರಡೂ ಹಬ್ಬಗಳು ಒಂದು ವಾರದೊಳಗೇ ಬಂದು, ಓಣಿಯಲ್ಲಿ ತಟ್ಟೆಗಳು ಅತ್ತಿಂದಿತ್ತ ಓಡಾಡುತ್ತಿರುತ್ತವೆ. ನಮ್ಮ ಕರ್ಜಿಕಾಯಿ ಅವರ ಹೊಲಕ್ಕೆ, ಅವರ ಕಡಬು ನಮ್ಮ ಊಟಕ್ಕೆ.

2019ರಲ್ಲಿ ಈ ಎರಡು ಹಬ್ಬಗಳು ಒಂದರ ಬೆನ್ನಿಗೊಂದು ಬಂದವು. ಆ ವರ್ಷವನ್ನು ನಮ್ಮ ಐದು ತಾಲೂಕುಗಳ ಜನ ಮರೆಯಲಾರರು. ಆಗಸ್ಟ್ ತಿಂಗಳಲ್ಲಿ ಕೃಷ್ಣೆ ಮತ್ತು ಅದರ ಉಪನದಿಗಳು ದಂಡೆ ಮೀರಿ ಹಳ್ಳಿಹಳ್ಳಿಗಳನ್ನೇ ನುಂಗಿದವು. ಕಾಗವಾಡ ತಾಲೂಕಿನ ನದಿದಂಡೆಯ ಹಳ್ಳಿಯೊಂದರಲ್ಲಿರುವ ನಮ್ಮ ಕಾಕುವಿನ ಮನೆಯಲ್ಲಿ ನೀರು ಅಟ್ಟದವರೆಗೆ ಬಂದಿತ್ತು. ಇಳಿದ ಮೇಲೆ ಹೋಗಿ ನೋಡಿದರೆ ಹಿಂದಿನ ಗೋಡೆ ಇರಲಿಲ್ಲ. ಮೊಣಕಾಲುದ್ದ ರಾಡಿ ನಿಂತಿತ್ತು. ಟ್ರಂಕಿನೊಳಗಿದ್ದ ಬಟ್ಟೆ, ಕಾಗದಪತ್ರಗಳ ಜೊತೆಗೆ ಹಿತ್ತಾಳೆಯ ಕರ್ಜಿಕಾಯಿ ಸಾಚಾ ಕೂಡ ಹೋಗಿತ್ತು. ಅದು ಅವಳೊಬ್ಬಳದಲ್ಲ. ಎಷ್ಟೋ ವರ್ಷಗಳ ಹಿಂದೆ ಓಣಿಯ ನಾಲ್ಕು ಮನೆಯವರು, ಎರಡು ಲಿಂಗಾಯತರ ಮನೆ, ಒಂದು ಜೈನರ ಮನೆ, ಒಂದು ನಮ್ಮವರ ಮನೆ, ಪಾಲು ಹಾಕಿ ಮೀರಜದಿಂದ ತರಿಸಿದ್ದು. ದೀಪಾವಳಿಗೆ ಅವರಲ್ಲಿ, ನಾತಾಳಕ್ಕೆ ಇವಳಲ್ಲಿ ತಿರುಗುತ್ತಿತ್ತು. ಆ ವರ್ಷ ಇಡುವ ಪಾಳಿ ಕಾಕುವಿನದಾಗಿತ್ತು. ಗೋಡೆ ಬಿದ್ದುದಕ್ಕಿಂತ ಹೆಚ್ಚಾಗಿ, ಮಂದಿಯ ವಸ್ತು ತನ್ನ ಕೈಯಿಂದ ಹೋಯಿತಲ್ಲ ಎಂದು ಅವಳು ಕೊರಗಿದಳು.

ಡಿಸೆಂಬರ್ ಬಂದರೂ ಗೋಡೆ ಎದ್ದಿರಲಿಲ್ಲ. ತಗಡಿನ ಮರೆಯಲ್ಲಿ ವಾಸ. ಈ ಸಲ ಏನೂ ಮಾಡುವುದಿಲ್ಲವೆಂದು ಕಾಕು ನಿಶ್ಚಯಿಸಿದ್ದಳು. ಆ ವರ್ಷ ಎಳ್ಳಮಾವಾಸ್ಯೆ ಬಂದದ್ದು ಡಿಸೆಂಬರ್ 26ಕ್ಕೆ, ಅದೂ ಬೆಳಿಗ್ಗೆ ಸೂರ್ಯಗ್ರಹಣ. ಗ್ರಹಣದ ಹೊತ್ತಿನಲ್ಲಿ ಒಲೆ ಹೊತ್ತಿಸುವಂತಿಲ್ಲವಾದುದರಿಂದ ಕರಿದ ತಿನಿಸುಗಳನ್ನು ಮೊದಲೇ ಮಾಡಿಡಬೇಕೆಂದು ನೆರೆಮನೆಯವರು 23ರಂದೇ ತಯಾರಿ ಮಾಡಿಕೊಂಡರು. ಕಡಾಯಿಯನ್ನೂ ಹಿಟ್ಟನ್ನೂ ಹೊತ್ತು ನೇರವಾಗಿ ಕಾಕುವಿನ ತಗಡಿನ ಮರೆಗೇ ಬಂದರು. “ಸಾಚಾ ಹೋತು ಅಂದ್ರ ಕೈ ಹೋಗ್ಯಾವೇನ? ಕೈಲೇ ಮಾಡೂಣ ಬರ್ರಿ” ಎಂದು ಎಲ್ಲಕ್ಕಿಂತ ಹಿರಿಯಳಾದ ಜೈನರ ಮನೆಯ ಅಜ್ಜಿ ಕುಳಿತೇಬಿಟ್ಟಳು. ಕತ್ತಲಾಗುವ ಮೊದಲೇ ಊಟ ಮುಗಿಸುವ ಅವಳ ವ್ರತಕ್ಕೆ ಅನುಕೂಲವಾಗುವಂತೆ ಮಧ್ಯಾಹ್ನವೇ ಆರಂಭಿಸಿ ನಾಲ್ಕು ಮನೆಯ ಕಾಯಿಗಳನ್ನು ಒಂದೇ ಕಡಾಯಿಯಲ್ಲಿ ಕರಿದರು. ಗ್ರಹಣದ ದೋಷ ತಟ್ಟದಿರಲೆಂದು ನೆರೆಯವಳೊಬ್ಬಳು ತಮ್ಮ ಡಬ್ಬಿಗಳಲ್ಲಿ ಒಂದೊಂದು ದರ್ಭೆಯ ಎಳೆ ಇಟ್ಟಳು. ಕೈಯೊಡನೆ ಕಾಕುವಿನ ಡಬ್ಬಿಯಲ್ಲಿಯೂ ಒಂದು ಇಟ್ಟಳು. ಕಾಕು ಅದನ್ನು ತೆಗೆಯಲಿಲ್ಲ. ನಾತಾಳದ ದಿನ ನಾವು ಹೋದಾಗ ಕರ್ಜಿಕಾಯಿಗಳ ನಡುವೆ ಆ ಹುಲ್ಲಿನ ಎಳೆಯನ್ನು ಕಂಡು ಮೊಮ್ಮಗನೊಬ್ಬ, ಗೋದಲಿಯ ಹುಲ್ಲು ಇಲ್ಲಿಗೆ ಹೇಗೆ ಬಂತೆಂದು ಕೇಳಿದ. ಮರುದಿನ ಗ್ರಹಣ ಬಿಟ್ಟ ಮೇಲೆ ಆ ನಾಲ್ಕೂ ಮನೆಯವರು ರಾಡಿ ಹೆಪ್ಪುಗಟ್ಟಿದ ಹೊಲಕ್ಕೆ ಹೋಗಿ ಚರಗ ಚೆಲ್ಲಿದರು. ಕಬ್ಬು ಕೊಳೆತು ನೆಲ ಬರಿದಾಗಿತ್ತು. ಸಾಚಾ ಮತ್ತೆ ಕೊಂಡಿಲ್ಲ.

ಈಗ ಪೇಟೆಯ ಬೇಕರಿಗಳಲ್ಲಿ ಡಿಸೆಂಬರ್ ಬಂತೆಂದರೆ ಕೇಕಿನ ಪೆಟ್ಟಿಗೆಗಳು ಗೋಪುರದಂತೆ ಏರುತ್ತವೆ. ಅವುಗಳ ಪಕ್ಕದಲ್ಲಿಯೇ ಕರಂಜಿಯೂ ತೂಕದ ಮೇಲೆ ಸಿಗುತ್ತದೆ. ಕೊಂಡು ತರುವವರನ್ನು ಆಕ್ಷೇಪಿಸುವುದು ನಮ್ಮ ಉದ್ದೇಶವಲ್ಲ. ಗಂಡಹೆಂಡಿರಿಬ್ಬರೂ ದುಡಿಯುವ ಮನೆಯಲ್ಲಿ ಎರಡು ದಿನ ಒಲೆಯ ಮುಂದೆ ಕೂಡುವುದು ಸುಲಭವಲ್ಲ. ಆದರೆ ಅಂಗಡಿಯ ಕರಂಜಿಯನ್ನು ಅಲುಗಾಡಿಸಿ ನೋಡಿದವರಿಗೆ ಗೊತ್ತು, ಒಳಗೆ ಗಾಳಿಯೇ ಹೆಚ್ಚು. ಅದಕ್ಕಿಂತ ಚಿಂತೆಯ ಮಾತೆಂದರೆ, ಕೊಂಡು ತಂದ ಮನೆಗಳಿಂದ ತಟ್ಟೆ ಹೊರಡುವುದು ಕಡಿಮೆಯಾಗುತ್ತಿದೆ. ತೂಗಿ ತಂದದ್ದನ್ನು ಎಣಿಸಿ ತಿನ್ನುವರು. ಮಾಡಿದ ಮನೆಯಲ್ಲಿ ಹಿಟ್ಟು ಹೆಚ್ಚಾಯಿತೆಂದು ಇನ್ನೂ ನಾಲ್ಕು ಮಾಡಿ ಪಕ್ಕಕ್ಕೆ ಕಳುಹಿಸುವರು. ಪುಣೆ, ಬೆಂಗಳೂರು, ಕೊಲ್ಲಿ ದೇಶಗಳಲ್ಲಿರುವ ನಮ್ಮ ಮಕ್ಕಳು ಡಿಸೆಂಬರಿನಲ್ಲಿ ದೂರವಾಣಿ ಮಾಡಿ ಪ್ರಮಾಣ ಕೇಳುತ್ತಾರೆ. ಈ ಬದಿಯಿಂದ ತಾಯಿ “ಅಂದಾಜಿಲೆ ಹಾಕು” ಎನ್ನುತ್ತಾಳೆ. ಆ ಅಂದಾಜನ್ನು ಯಾರಾದರೂ ಪಕ್ಕದಲ್ಲಿ ಕುಳಿತು ತೂಗಿ ಬರೆದಿಟ್ಟುಕೊಳ್ಳುವುದು ಒಳಿತು. ಮೇಲೆ ಕೊಟ್ಟ ಪ್ರಮಾಣ ಹಾಗೆ ತೂಗಿ ಬರೆದದ್ದೇ. ಮುರಿಗೆಯನ್ನು ಮಾತ್ರ ಬರೆದಿಡಲು ಬರುವುದಿಲ್ಲ. ಕಳೆದ ವರ್ಷ ಪುಣೆಯ ಸೊಸೆ ಕ್ಯಾಮೆರಾದ ಮುಂದೆ ಹಿಟ್ಟು ಹಿಡಿದು ಕುಳಿತು, ಇತ್ತ ಅತ್ತೆಯ ಬೆರಳನ್ನು ನೋಡಿ ನೋಡಿ ಹನ್ನೆರಡು ಕಾಯಿ ಮಾಡಿದಳು. ಏಳು ಒಡೆದವು. ಐದು ನಿಂತವು.

ಅಜ್ಜಿಗೆ ತಟ್ಟೆಯ ಲೆಕ್ಕವೊಂದಿತ್ತು. ಸಾಮಾನ್ಯವಾಗಿ ಒಂದು ಮನೆಗೆ ಐದು ಕರ್ಜಿಕಾಯಿ, ಒಂದು ಹಿಡಿ ಶಂಕರಪಾಳಿ, ಎರಡು ಚಕ್ಕುಲಿ. ತಟ್ಟೆ ಬರಿದಾಗಿ ಮರಳಬಾರದೆಂದು ಆ ಮನೆಯವರು ಒಂದು ಹಿಡಿ ಗೋಧಿಯನ್ನೋ ಬೆಲ್ಲದ ಸಣ್ಣ ಪೆಂಟಿಯನ್ನೋ ಇಟ್ಟು ಕಳುಹಿಸುತ್ತಿದ್ದರು. ಆ ವರ್ಷ ಸಾವಾದ ಮನೆಗೆ ಮಾತ್ರ ಐದಲ್ಲ, ಹನ್ನೊಂದು. ಅಲ್ಲಿ ಕಡಾಯಿ ಇಟ್ಟಿರುವುದಿಲ್ಲ, ಬಂದುಹೋಗುವವರಿಗೂ ಸಾಕಾಗಬೇಕು ಎಂಬುದು ಅವಳ ಲೆಕ್ಕ. ಅದು ಯಾವ ಜಾತಿಯವರ, ಯಾವ ಧರ್ಮದವರ ಮನೆಯೆಂದು ಕೇಳುವ ಪದ್ಧತಿ ಅವಳಲ್ಲಿರಲಿಲ್ಲ. ಸಾಲಗಾರನ ಮನೆಯಾದರೂ ಹನ್ನೊಂದೇ. ಈ ವರ್ಷ ನಮ್ಮ ಓಣಿಯಿಂದ ಎರಡು ಮನೆಗಳಿಗೆ ಹನ್ನೊಂದರ ತಟ್ಟೆ ಹೋಗಬೇಕಾಗಿದೆ. ಸಂತೆಗೆ ಹೊರಟ ಮಗನಿಗೆ ಕೊಬ್ಬರಿ ಕಾಲು ಕಿಲೊ ಹೆಚ್ಚು ತರಲು ಹೇಳಿದ್ದಾಗಿದೆ.